ಕುರ್ಚಿಗಳ ಕಥೆ: ಯೂರೋಪಿನ ಶಾಸನಸಭೆ ತರಗತಿಗೆ ಬಂದ ಬಗೆ

ಕಾಯಿದೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಪೊಲೀಸು, ಕಚೇರಿ, ಕೋರ್ಟು ಇವೇ. ಆ ಕಾಯಿದೆ ಎಲ್ಲಿ ಹುಟ್ಟಿತು, ಹುಟ್ಟುವ ಮೊದಲು ಅದರ ಸಲುವಾಗಿ ಯಾರು ಯಾರೊಡನೆ ಜಗಳವಾಡಿದರು, ಯಾರು ಎಷ್ಟು ಬಿಟ್ಟುಕೊಟ್ಟರು ಎಂದು ವಿಚಾರಿಸುವವರು ಕಡಮೆ. ಶಾಲೆಯ ಪೌರನೀತಿಯ ಪುಸ್ತಕವೂ ಈ ವಿಷಯದಲ್ಲಿ ಹೆಚ್ಚು ನೆರವಾಗುವುದಿಲ್ಲ. ಮಸೂದೆಯ ಮಂಡನೆ, ಮೊದಲ ವಾಚನ, ಎರಡನೆಯ ವಾಚನ, ಅಂಕಿತ ಎಂದು ಮಕ್ಕಳು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ, ಮರೆತುಬಿಡುತ್ತಾರೆ. ಒಂದು ದೇಶದ ಶಾಸನಕ್ರಮವೇ ಹೀಗೆ ಒಣಪಾಠವಾಗುವುದಾದರೆ, ಇಪ್ಪತ್ತೇಳು ದೇಶಗಳು ಇಪ್ಪತ್ತನಾಲ್ಕು ಭಾಷೆಗಳಲ್ಲಿ ಕೂಡಿ ಮಾಡುವ ಶಾಸನದ ಪಾಠ ಹೇಗಿದ್ದೀತು?

ಯೂರೋಪಿನ ಉಪಾಧ್ಯಾಯರ ಎದುರಿಗಿದ್ದ ಪ್ರಶ್ನೆ ಇದೇ. ಅದಕ್ಕೆ ಅವರಲ್ಲಿ ಹಲವರು ಕಂಡುಕೊಂಡ ಉತ್ತರ ಬಲು ಸರಳವಾದದ್ದು. ಪಾಠ ಹೇಳುವುದಕ್ಕಿಂತ ಆಡಿಸುವುದು ಲೇಸು ಎಂದು ಅವರು ಕಂಡರು. ತರಗತಿಯ ಬೆಂಚುಗಳನ್ನು ಸರಿಸಿ, ಒಬ್ಬ ಹುಡುಗನನ್ನು ಜರ್ಮನಿಯ ಮಂತ್ರಿಯನ್ನಾಗಿಯೂ ಒಬ್ಬ ಹುಡುಗಿಯನ್ನು ಪೋರ್ಚುಗಲ್ಲಿನ ಪಾರ್ಲಿಮೆಂಟು ಸದಸ್ಯೆಯನ್ನಾಗಿಯೂ ಕೂರಿಸಿ, ಒಂದು ಮಸೂದೆಯನ್ನು ಅವರ ಕೈಗೆ ಕೊಟ್ಟು, ಸಂಜೆಯ ಗಂಟೆ ಹೊಡೆಯುವುದರೊಳಗೆ ಇದನ್ನು ಕಾಯಿದೆ ಮಾಡಿ ನೋಡೋಣ ಎಂದು ಹೇಳುವುದು. ಈ ಆಟದಲ್ಲಿರುವ ಒಂದೊಂದು ಕುರ್ಚಿಯೂ ಒಂದೊಂದು ಕಾಲದಲ್ಲಿ, ಒಂದೊಂದು ಜಗಳದ ಫಲವಾಗಿ ಬಂದದ್ದು. ಕುರ್ಚಿಗಳ ಚರಿತ್ರೆ ತಿಳಿಯದೆ ಆಟ ತಿಳಿಯುವುದಿಲ್ಲ. ಹಾಗೆಯೇ, ಆಟವನ್ನು ಆಡಿ ನೋಡಿದರೆ ಚರಿತ್ರೆ ತಾನಾಗಿಯೇ ಮನಸ್ಸಿನಲ್ಲಿ ನಿಲ್ಲುತ್ತದೆ. ಈ ಎರಡನ್ನೂ ಜೊತೆಯಾಗಿ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ದೊಡ್ಡವರ ಸಭೆಯನ್ನು ವಿದ್ಯಾರ್ಥಿಗಳು ಆಡಿ ಕಲಿಯುವುದು ಹೊಸ ಪದ್ಧತಿಯೇನಲ್ಲ. ಜಿನೀವಾದಲ್ಲಿ ರಾಷ್ಟ್ರಸಂಘ ನಡೆಯುತ್ತಿದ್ದ 1920ರ ದಶಕದಲ್ಲೇ ಅಮೆರಿಕದ ಕಾಲೇಜುಗಳಲ್ಲಿ ಅಣಕು ರಾಷ್ಟ್ರಸಂಘದ ಅಧಿವೇಶನಗಳು ನಡೆಯುತ್ತಿದ್ದವು. ಎರಡನೆಯ ಮಹಾಯುದ್ಧದ ತರುವಾಯ ಅದೇ ಆಟ ಅಣಕು ವಿಶ್ವಸಂಸ್ಥೆಯಾಗಿ ಲೋಕದ ನಾನಾ ಕಡೆ ಹರಡಿತು. ನಮ್ಮ ಮಹಾನಗರಗಳ ಶಾಲೆಗಳಲ್ಲಿ ಇಂದು ಅದನ್ನು ಕಾಣದವರು ಕಡಮೆ. ಯೂರೋಪಿನ ಒಕ್ಕೂಟವನ್ನೇ ಆಡುವ ಕ್ರಮ ಇದಕ್ಕಿಂತ ಈಚಿನದು. ಯೂರೋಪಿಯನ್ ಯೂತ್ ಪಾರ್ಲಿಮೆಂಟ್ ಎಂಬುದು 1987ರಲ್ಲಿ ಫ್ರಾನ್ಸಿನ ಫೊಂತೆನ್‌ಬ್ಲೊ ಎಂಬ ಊರಿನ ಶಾಲೆಯೊಂದರಲ್ಲಿ ಆರಂಭವಾಗಿ, ಆಮೇಲೆ ಹಲವು ದೇಶಗಳಿಗೆ ಹಬ್ಬಿತು. 2007ರಿಂದ ಸ್ಟ್ರಾಸ್‌ಬೂರ್ಗಿನ ನಿಜವಾದ ಪಾರ್ಲಿಮೆಂಟು ಭವನದಲ್ಲೇ ವಿದ್ಯಾರ್ಥಿಗಳು ಕೂಡಿ ಅಣಕು ಅಧಿವೇಶನ ನಡೆಸುವ ಪದ್ಧತಿ ಬಂತು. 2011ರಲ್ಲಿ ಬ್ರಸೆಲ್ಸ್ ನಗರದಲ್ಲಿ ತೆರೆದ ಪಾರ್ಲಮೆಂಟೇರಿಯಂ ಎಂಬ ಸಂದರ್ಶಕರ ಕೇಂದ್ರದಲ್ಲಿ ಶಾಲಾಮಕ್ಕಳು ನಾಲ್ಕು ಕಲ್ಪಿತ ಪಕ್ಷಗಳಾಗಿ ಒಡೆದು, ನೀರಿನ ವಿಷಯದಲ್ಲಿ ದೇಶಗಳು ಪರಸ್ಪರ ನೆರವಾಗಬೇಕೆನ್ನುವಂಥ ಕಲ್ಪಿತ ಮಸೂದೆಯ ಮೇಲೆ ವಾದಿಸುತ್ತಾರೆ.

ಇನ್ನು ಕುರ್ಚಿಗಳ ಮಾತು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಒಂದು ಘೋಷಣೆ ಮಾಡಿದರು. ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಒಂದೇ ಅಧಿಕಾರದ ಕೈಗೆ ಒಪ್ಪಿಸೋಣ, ಬೇರೆ ದೇಶಗಳೂ ಬಂದು ಸೇರಲಿ ಎಂಬುದು ಅದರ ತಿರುಳು. ಯುದ್ಧ ಮುಗಿದು ಆಗ ಬರಿಯ ಐದು ವರ್ಷ. ತೋಪು ಎರಕ ಹೊಯ್ಯಬೇಕಾದರೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಬೇಕು. ಇವೆರಡೂ ಇಬ್ಬರ ಜಂಟಿ ಮನೆಯಲ್ಲಿದ್ದರೆ ಒಬ್ಬರಿಗೆ ತಿಳಿಯದೆ ಇನ್ನೊಬ್ಬರು ಯುದ್ಧಕ್ಕೆ ಸಿದ್ಧರಾಗಲಾರರು. ಈ ಯೋಚನೆಯ ಹಿಂದೆ ಇದ್ದವರು ಜಾನ್ ಮೋನೆ. 1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್ ಈ ಆರು ದೇಶಗಳು ಪ್ಯಾರಿಸ್ಸಿನಲ್ಲಿ ಒಡಂಬಡಿಕೆಗೆ ಸಹಿ ಹಾಕಿದವು. ಮರುವರ್ಷ ಒಂಬತ್ತು ಮಂದಿಯ ಉನ್ನತಾಧಿಕಾರ ಮಂಡಲಿ ಮೋನೆಯವರ ಅಧ್ಯಕ್ಷತೆಯಲ್ಲಿ ಕೆಲಸಕ್ಕೆ ತೊಡಗಿತು. ಮೊದಲ ಕುರ್ಚಿ ಇದು. ಇಲ್ಲಿ ಕುಳಿತವರು ತಮ್ಮ ದೇಶದ ಪರವಾಗಿ ಅಲ್ಲದೆ ಎಲ್ಲರ ಪರವಾಗಿ ಯೋಚಿಸಬೇಕು. ಇಂದಿನ ಯೂರೋಪಿಯನ್ ಆಯೋಗ ಇದರದೇ ಕುಡಿ.

ದೇಶದ ಪರವಾಗಿ ಮಾತನಾಡುವವರಿಗೂ ಜಾಗ ಬೇಡವೇ ಎಂದು ಸಣ್ಣ ರಾಷ್ಟ್ರಗಳು ಕೇಳಿದವು. ಅದರ ಫಲವಾಗಿ ಬಂದದ್ದು ಎರಡನೆಯ ಕುರ್ಚಿ, ಮಂತ್ರಿಗಳ ಪರಿಷತ್ತು. ಮೂರನೆಯದು ಸಭೆ. 1952ರ ಸೆಪ್ಟೆಂಬರ್‌ನಲ್ಲಿ ಸ್ಟ್ರಾಸ್‌ಬೂರ್ಗಿನಲ್ಲಿ 78 ಸದಸ್ಯರ ಸಭೆ ಮೊದಲ ಸಲ ಸೇರಿತು. ಬೆಲ್ಜಿಯಂನ ಪಾಲ್ ಹೆನ್ರಿ ಸ್ಪಾಕ್ ಅಧ್ಯಕ್ಷರಾದರು. ಈ ಸದಸ್ಯರನ್ನು ಜನ ಆರಿಸಿರಲಿಲ್ಲ, ಅವರವರ ದೇಶದ ಪಾರ್ಲಿಮೆಂಟುಗಳು ಕಳುಹಿಸಿದ್ದವು. ಆದರೂ ಮರುವರ್ಷವೇ ಅಲ್ಲೊಂದು ವಿಶೇಷ ನಡೆಯಿತು. ಸದಸ್ಯರು ಪಕ್ಷದ ಪ್ರಕಾರ ಗುಂಪು ಕಟ್ಟಿಕೊಳ್ಳಲು 1953ರ ಜೂನ್‌ನಲ್ಲಿ ಸಭೆ ಒಪ್ಪಿತು. ಕ್ರೈಸ್ತ ಪ್ರಜಾಸತ್ತಾವಾದಿಗಳು, ಸಮಾಜವಾದಿಗಳು, ಉದಾರವಾದಿಗಳು ಎಂದು ಮೂರು ಗುಂಪುಗಳಾದವು. ಎಂಟು ವರ್ಷದ ಹಿಂದೆ ಬಂದೂಕು ಹಿಡಿದು ಎದುರುಬದುರು ನಿಂತಿದ್ದ ದೇಶಗಳ ಫ್ರೆಂಚ್ ಸಮಾಜವಾದಿಯೂ ಜರ್ಮನ್ ಸಮಾಜವಾದಿಯೂ ಒಂದೇ ಸಾಲಿನಲ್ಲಿ ಕುಳಿತರು. ಇಂದಿಗೂ ಯೂರೋಪಿನ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವುದು ಪಕ್ಷದಂತೆಯೇ ಹೊರತು ದೇಶದಂತೆ ಅಲ್ಲ. ಆಟದಲ್ಲಿ ಮಕ್ಕಳಿಗೆ ಮೊದಲು ಎದುರಾಗುವ ಗೊಂದಲವೂ ಇದೇ. ನೀನು ಇಟಲಿಯವಳು, ಆದರೆ ಇಲ್ಲಿ ನಿನ್ನ ಜೊತೆಗಾರರು ಸ್ವೀಡನ್ನಿನವರು ಎಂದಾಗ ಹುಡುಗಿಗೆ ದಿಕ್ಕು ತೋಚದಿದ್ದರೆ ಆಶ್ಚರ್ಯವಿಲ್ಲ.

1957ರ ಮಾರ್ಚ್ 25ರಂದು ರೋಮ್ ನಗರದಲ್ಲಿ ಅದೇ ಆರು ದೇಶಗಳು ಇಡೀ ಆರ್ಥಿಕ ಜೀವನಕ್ಕೆ ಸಂಬಂಧಿಸಿದ ಒಡಂಬಡಿಕೆಗೆ ಸಹಿ ಹಾಕಿದವು. 1958ರಿಂದ ಅದು ಜಾರಿಗೆ ಬಂತು. ಪರಿಷತ್ತಿನಲ್ಲಿ ಮತಗಳ ಲೆಕ್ಕ ಹೀಗಿತ್ತು: ಜರ್ಮನಿ, ಫ್ರಾನ್ಸ್, ಇಟಲಿಗಳಿಗೆ ತಲಾ 4, ಬೆಲ್ಜಿಯಂ ಮತ್ತು ಹಾಲೆಂಡಿಗೆ ತಲಾ 2, ಲಕ್ಸೆಂಬರ್ಗಿಗೆ 1. ಒಟ್ಟು 17. ಬಹುಮತದಿಂದ ತೀರ್ಮಾನವಾಗಬಹುದಾದ ವಿಷಯಗಳಲ್ಲಿ, ಆಯೋಗವೇ ತಂದ ಪ್ರಸ್ತಾವ ಗೆಲ್ಲಲು 12 ಮತ ಸಾಕು. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಪುಟ್ಟ ಲಕ್ಸೆಂಬರ್ಗಿಗೂ ಒಂದು ಮತ ಸಿಕ್ಕಿತಲ್ಲ ಎನ್ನಬಹುದು.

ಈಗ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿ ನೋಡೋಣ. ಲಕ್ಸೆಂಬರ್ಗನ್ನು ಬಿಟ್ಟರೆ ಉಳಿದವರ ಮತಗಳೆಲ್ಲ ಸಮಸಂಖ್ಯೆಗಳು. ಅವನ್ನು ಹೇಗೆ ಕೂಡಿಸಿದರೂ ಬರುವುದು ಸಮಸಂಖ್ಯೆಯೇ. ಮೊತ್ತ 12 ಅಥವಾ ಹೆಚ್ಚಾದರೆ ಲಕ್ಸೆಂಬರ್ಗಿನ ಮತ ಬೇಕಾಗಿಲ್ಲ. 10 ಅಥವಾ ಕಡಮೆಯಾದರೆ ಲಕ್ಸೆಂಬರ್ಗು ಸೇರಿದರೂ 11 ದಾಟುವುದಿಲ್ಲ. ಅಂದರೆ ಇಂಥ ಮತದಾನದಲ್ಲಿ ಲಕ್ಸೆಂಬರ್ಗಿನ ಮತದಿಂದ ಫಲಿತಾಂಶ ಬದಲಾಗುವ ಸಂದರ್ಭ ಒಂದೂ ಇಲ್ಲ. ಕುರ್ಚಿ ಇತ್ತು, ಮತವೂ ಇತ್ತು, ಆದರೆ ಅದಕ್ಕೆ ತೂಕವಿರಲಿಲ್ಲ. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಸೇರಿದಾಗ ಮತಗಳನ್ನು ಹೊಸದಾಗಿ ಹಂಚಿ ಲಕ್ಸೆಂಬರ್ಗಿಗೆ 2 ಕೊಟ್ಟರು. ದೊಡ್ಡ ದೇಶಗಳಿಗೆ 10, ಒಟ್ಟು 58, ಗೆಲ್ಲಲು 41. ಅಲ್ಲಿಂದ ಆ ದೇಶದ ಮತಕ್ಕೆ ಬೆಲೆ ಬಂತು. ಆರು ಮಕ್ಕಳನ್ನು ಕೂರಿಸಿ 4, 4, 4, 2, 2, 1 ಎಂದು ಚೀಟಿ ಹಂಚಿ ಹತ್ತು ಸಲ ಮತ ಹಾಕಿಸಿದರೆ ಒಂದರ ಚೀಟಿ ಹಿಡಿದ ಮಗುವಿಗೆ ತನ್ನ ಸ್ಥಿತಿ ಬೇಗನೆ ಅರ್ಥವಾಗುತ್ತದೆ. ಪ್ರಾತಿನಿಧ್ಯ ಬೇರೆ, ಪ್ರಭಾವ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸವೂ ಹೇಳಲಾರದು.

ದೊಡ್ಡವರಿಗೆ ಕೋಪ ಬಂದರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಉದಾಹರಣೆಯಿದೆ. 1965ರ ಜೂನ್ ಕೊನೆಯಲ್ಲಿ ಕೃಷಿಯ ಖರ್ಚುವೆಚ್ಚದ ಮಾತುಕತೆ ಮುರಿದುಬಿತ್ತು. ಆಯೋಗದ ಅಧ್ಯಕ್ಷ ವಾಲ್ಟರ್ ಹಾಲ್‌ಸ್ಟೈನ್ ಆಯೋಗಕ್ಕೂ ಸಭೆಗೂ ಹೆಚ್ಚಿನ ಅಧಿಕಾರ ದೊರಕಿಸಲು ಹೊರಟಿದ್ದರು. ಅದೂ ಅಲ್ಲದೆ 1966ರಿಂದ ಹಲವು ವಿಷಯಗಳಲ್ಲಿ ಬಹುಮತದ ತೀರ್ಮಾನ ಬರುವುದಿತ್ತು. ಫ್ರಾನ್ಸಿನ ಅಧ್ಯಕ್ಷ ದಗಾಲ್ ಅವರಿಗೆ ಇದಾವುದೂ ಒಪ್ಪಿಗೆಯಾಗಲಿಲ್ಲ. ಜುಲೈಯಿಂದ ಫ್ರಾನ್ಸಿನ ಮಂತ್ರಿಗಳು ಪರಿಷತ್ತಿಗೆ ಬರುವುದನ್ನೇ ನಿಲ್ಲಿಸಿದರು. ಚರಿತ್ರಕಾರರು ಇದನ್ನು ‘ಖಾಲಿ ಕುರ್ಚಿಯ ಬಿಕ್ಕಟ್ಟು’ ಎಂದು ಕರೆದಿದ್ದಾರೆ. ಕಡೆಗೆ 1966ರ ಜನವರಿ ಕೊನೆಯಲ್ಲಿ ಲಕ್ಸೆಂಬರ್ಗಿನಲ್ಲಿ ರಾಜಿಯಾಯಿತು. ಯಾವುದಾದರೂ ದೇಶದ ಬಹುಮುಖ್ಯ ಹಿತಕ್ಕೆ ಧಕ್ಕೆ ಬರುವಂತಿದ್ದರೆ ಎಲ್ಲರೂ ಒಪ್ಪುವ ದಾರಿಯನ್ನು ಹುಡುಕಲು ಪ್ರಯತ್ನಿಸೋಣ ಎಂಬುದು ಐವರ ಮಾತು. ಎಲ್ಲರೂ ಒಪ್ಪುವವರೆಗೂ ಚರ್ಚೆ ನಡೆಯುತ್ತಲೇ ಇರಬೇಕು ಎಂಬುದು ಫ್ರಾನ್ಸಿನ ಮಾತು. ಇಬ್ಬರೂ ತಮ್ಮ ತಮ್ಮ ಮಾತನ್ನು ಬರೆದಿಟ್ಟು, ಒಮ್ಮತವಿಲ್ಲವೆಂಬುದನ್ನೂ ಬರೆದಿಟ್ಟು, ಕೆಲಸಕ್ಕೆ ಮರಳಿದರು. ಮನೆಯಲ್ಲಿ ಅಣ್ಣತಮ್ಮಂದಿರು ಜಗಳ ಬಗೆಹರಿಯದಿದ್ದರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲವೇ, ಹಾಗೆ. ಇದರ ಪರಿಣಾಮವಾಗಿ ಮುಂದೆ ಸುಮಾರು ಇಪ್ಪತ್ತು ವರ್ಷ ಬಹುಮತದ ಮತದಾನ ಅಪರೂಪವಾಯಿತು, ಕಾಯಿದೆಗಳು ಆಮೆಯಂತೆ ತೆವಳಿದವು.

ಮೂರನೆಯ ಕುರ್ಚಿಯಾದ ಸಭೆಗೆ ಆಗ ಇದ್ದದ್ದು ಸಲಹೆ ಕೊಡುವ ಅಧಿಕಾರ ಮಾತ್ರ. ಸಲಹೆಯನ್ನು ಪರಿಷತ್ತು ಕೇಳಬೇಕು, ಪಾಲಿಸಬೇಕಾಗಿಲ್ಲ. 1979ರ ಜೂನ್ 7ರಿಂದ 10ರವರೆಗೆ ಒಂಬತ್ತು ದೇಶಗಳ ಜನ ಮೊದಲ ಸಲ ನೇರವಾಗಿ ಮತ ಹಾಕಿ 410 ಸದಸ್ಯರನ್ನು ಆರಿಸಿದರು. ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದಿದ್ದ ಸಿಮೋನ್ ವೇಲ್ ಆ ಪಾರ್ಲಿಮೆಂಟಿನ ಅಧ್ಯಕ್ಷೆಯಾದರು. ಇದೇ ವರ್ಷ ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಸಿಹಿಪಾಕದ ಬಗ್ಗೆ ಪರಿಷತ್ತು ಒಂದು ನಿಯಮಾವಳಿ ತಂದಿತ್ತು. ಸಭೆಯ ಸಲಹೆಯನ್ನು ಕೇಳಿತ್ತು ನಿಜ, ಆದರೆ ಅದು ಬರುವವರೆಗೆ ಕಾಯಲಿಲ್ಲ. ನಷ್ಟಕ್ಕೊಳಗಾದ ಕಂಪನಿಗಳು ಯೂರೋಪಿನ ನ್ಯಾಯಾಲಯಕ್ಕೆ ಹೋದವು. 1980ರ ಅಕ್ಟೋಬರ್ 29ರಂದು ನ್ಯಾಯಾಲಯ ಆ ನಿಯಮಾವಳಿಯನ್ನೇ ರದ್ದುಮಾಡಿತು. ಸಲಹೆ ಕೇಳುವುದೆಂದರೆ ಬರಿಯ ಶಾಸ್ತ್ರವಲ್ಲ, ಜನರ ಪಾಲುಗಾರಿಕೆಯ ಗುರುತು ಅದು ಎಂಬುದು ತೀರ್ಪಿನ ಭಾವ. ಸಭೆಯವರು ಈ ತೀರ್ಪಿನಿಂದ ಒಂದು ಉಪಾಯ ಕಲಿತರು. ಸಲಹೆ ಕೊಡುವುದನ್ನು ತಡಮಾಡಿದರೆ ಕಾಯಿದೆಯೂ ತಡವಾಗುತ್ತದೆ. ತಡಮಾಡಬಲ್ಲವನ ಮಾತಿಗೆ ಕಿವಿಗೊಡಲೇಬೇಕಾಗುತ್ತದೆ.

ಆಮೇಲಿನ ಬದಲಾವಣೆಗಳು ಬೇಗಬೇಗನೆ ಬಂದವು. 1986ರಲ್ಲಿ ಸಹಿಯಾಗಿ 1987ರ ಜುಲೈನಲ್ಲಿ ಜಾರಿಗೆ ಬಂದ ಒಡಂಬಡಿಕೆ, ಒಳಮಾರುಕಟ್ಟೆಯ ಬಹುಪಾಲು ವಿಷಯಗಳಲ್ಲಿ ಬಹುಮತದ ತೀರ್ಮಾನವನ್ನು ತಂದಿತು, ಪಾರ್ಲಿಮೆಂಟಿಗೆ ಎರಡನೆಯ ವಾಚನದ ಹಕ್ಕು ಕೊಟ್ಟಿತು. 1992ರಲ್ಲಿ ಹಾಲೆಂಡಿನ ಮಾಸ್ಟ್ರಿಕ್ಟ್ ಊರಿನಲ್ಲಿ ಸಹಿಯಾದ ಒಡಂಬಡಿಕೆಯಿಂದ ಕೆಲವು ವಿಷಯಗಳಲ್ಲಿ ಪಾರ್ಲಿಮೆಂಟೂ ಪರಿಷತ್ತೂ ಸರಿಸಮಾನವಾದವು. 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಲಿಸ್ಬನ್ ಒಡಂಬಡಿಕೆಯಿಂದ ಇದೇ ಸಾಮಾನ್ಯ ಕ್ರಮವಾಯಿತು. ಈಗಿನ ರೀತಿ ಹೀಗಿದೆ: ಆಯೋಗ ಮಸೂದೆ ತರುತ್ತದೆ. ಪಾರ್ಲಿಮೆಂಟೂ ಪರಿಷತ್ತೂ ಬೇರೆ ಬೇರೆಯಾಗಿ ಅದನ್ನು ತಿದ್ದುತ್ತವೆ. ಇಬ್ಬರೂ ಒಂದೇ ಪಾಠಕ್ಕೆ ಒಪ್ಪಿದರೆ ಕಾಯಿದೆಯಾಗುತ್ತದೆ. ಎರಡು ವಾಚನಗಳಾದರೂ ಒಪ್ಪಿಗೆಯಾಗದಿದ್ದರೆ ಎರಡೂ ಕಡೆಯಿಂದ ಸಮಸಂಖ್ಯೆಯ ಸಂಧಾನ ಸಮಿತಿ ಕೂರುತ್ತದೆ. ಅಲ್ಲಿಯೂ ಆಗದಿದ್ದರೆ ಮಸೂದೆ ಬಿದ್ದುಹೋಗುತ್ತದೆ. 2014ರ ನವೆಂಬರ್‌ನಿಂದ ಪರಿಷತ್ತಿನಲ್ಲಿ ಹಳೆಯ ಮತತೂಕವನ್ನು ಬಿಟ್ಟು ಇಬ್ಬಗೆಯ ಬಹುಮತ ಬಂದಿದೆ. ನೂರಕ್ಕೆ 55ರಷ್ಟು ದೇಶಗಳು, ಅಂದರೆ ಇಪ್ಪತ್ತೇಳರಲ್ಲಿ 15 ಒಪ್ಪಬೇಕು. ಆ ದೇಶಗಳಲ್ಲಿ ಒಕ್ಕೂಟದ ಜನಸಂಖ್ಯೆಯ ನೂರಕ್ಕೆ 65 ಪಾಲಾದರೂ ಇರಬೇಕು. ದೊಡ್ಡವರಿಗೆ ತಲೆ ಎಣಿಕೆಯ ಬಲ, ಸಣ್ಣವರಿಗೆ ಮನೆ ಎಣಿಕೆಯ ಬಲ. 2024ರ ಚುನಾವಣೆಯಲ್ಲಿ ಪಾರ್ಲಿಮೆಂಟಿಗೆ 720 ಸದಸ್ಯರು ಆರಿಸಿ ಬಂದರು.

ಇಷ್ಟನ್ನೂ ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ಆಕಳಿಸದೆ ಇರುತ್ತಾರೆಯೇ? ಆದ್ದರಿಂದ ಅವರ ನಾಲಗೆಗೆ ತಿಳಿದ ಒಂದು ಮಸೂದೆಯನ್ನು ಆರಿಸೋಣ. ಚಾಕೊಲೇಟಿಗಿಂತ ಒಳ್ಳೆಯದು ಯಾವುದಿದೆ?

ಚಾಕೊಲೇಟು ಎಂದರೇನು ಎಂಬ ಪ್ರಶ್ನೆ ಯೂರೋಪನ್ನು ಇಪ್ಪತ್ತೇಳು ವರ್ಷ ಕಾಡಿತು. ಫ್ರಾನ್ಸ್, ಬೆಲ್ಜಿಯಂ, ಇಟಲಿ ಮೊದಲಾದ ಕಡೆ ಕೋಕೋ ಬೀಜದ ಕೊಬ್ಬಿನ ಹೊರತು ಬೇರೆ ಸಸ್ಯಜನ್ಯ ಕೊಬ್ಬು ಬೆರೆಸಿದರೆ ಅದು ಚಾಕೊಲೇಟೇ ಅಲ್ಲ. ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್‌ಗಳಲ್ಲಿ ಬೇರೆ ಕೊಬ್ಬನ್ನು ಸ್ವಲ್ಪ ಬೆರೆಸುವುದು ವಾಡಿಕೆ. ಅಲ್ಲದೆ ಬ್ರಿಟಿಷರ ಚಾಕೊಲೇಟಿನಲ್ಲಿ ಹಾಲು ಹೆಚ್ಚು, ಕೋಕೋ ಕಡಮೆ. ಈ ಮೂರು ದೇಶಗಳು ಸೇರಿದ 1973ರಲ್ಲಿ ಬಂದ ಮೊದಲ ಚಾಕೊಲೇಟು ನಿರ್ದೇಶನ ಪ್ರಶ್ನೆಯನ್ನು ಬಗೆಹರಿಸದೆ, ಬೆರೆಸುವವರು ತಮ್ಮ ಮನೆಯಲ್ಲಿ ಬೆರೆಸಿಕೊಳ್ಳಲಿ ಎಂದು ಬಿಟ್ಟುಬಿಟ್ಟಿತು. ನಿರ್ದೇಶನವೆಂದರೆ ಗುರಿಯನ್ನು ಒಕ್ಕೂಟ ನಿಗದಿ ಮಾಡಿ, ಅದಕ್ಕೆ ತಕ್ಕ ಕಾಯಿದೆಯನ್ನು ಆಯಾ ದೇಶವೇ ಮಾಡಿಕೊಳ್ಳುವ ಬಗೆಯ ಶಾಸನ. 1996ರಲ್ಲಿ ಆಯೋಗ ಹೊಸ ಮಸೂದೆ ತಂದಾಗ ಒಕ್ಕೂಟದಲ್ಲಿ ಹದಿನೈದು ದೇಶಗಳಿದ್ದವು. ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್, ಪೋರ್ಚುಗಲ್, ಆಸ್ಟ್ರಿಯ, ಸ್ವೀಡನ್, ಫಿನ್ಲೆಂಡ್ ಈ ಏಳು ದೇಶಗಳು ಬೆರಕೆಗೆ ಒಪ್ಪುತ್ತಿದ್ದವು, ಉಳಿದ ಎಂಟು ಒಪ್ಪುತ್ತಿರಲಿಲ್ಲ.

ಮೂವತ್ತು ಮಕ್ಕಳ ತರಗತಿಯಲ್ಲಿ ಹದಿನೈದು ಮಂದಿಯನ್ನು ಪರಿಷತ್ತಿನ ಮಂತ್ರಿಗಳನ್ನಾಗಿ, ಹತ್ತು ಮಂದಿಯನ್ನು ಪಾರ್ಲಿಮೆಂಟಿನ ಸದಸ್ಯರನ್ನಾಗಿ, ಇಬ್ಬರನ್ನು ಆಯೋಗವಾಗಿ ಕೂರಿಸಬಹುದು. ಉಳಿದ ಮೂವರು ಬಾಗಿಲ ಹೊರಗೆ. ಒಬ್ಬ ಚಾಕೊಲೇಟು ಕಾರ್ಖಾನೆಯವನು, ಒಬ್ಬಳು ಗಿರಾಕಿ, ಒಬ್ಬ ಆಫ್ರಿಕಾದ ಕೋಕೋ ಬೆಳೆಗಾರ. ಎಲ್ಲರಿಗೂ ಒಂದೊಂದು ಚೀಟಿ. ಅದರಲ್ಲಿ ನಿನ್ನ ದೇಶ ಯಾವುದು, ನಿನಗೆ ಬೇಕಾದದ್ದೇನು, ತೀರಾ ಅನಿವಾರ್ಯವಾದರೆ ಏನನ್ನು ಬಿಟ್ಟುಕೊಡಬಹುದು ಎಂದು ಬರೆದಿರಬೇಕು. ನಿಯಮ ಒಂದೇ: ಚೀಟಿಯ ಮಾತನ್ನು ಆಡಬೇಕು, ತನ್ನ ಸ್ವಂತದ್ದನ್ನಲ್ಲ.

ಅಂದಿನ ಮತತೂಕದಂತೆ ಪರಿಷತ್ತಿನಲ್ಲಿ ಒಟ್ಟು 87 ಮತ, ಗೆಲ್ಲಲು 62. ಬೆರಕೆ ಬೇಡವೆನ್ನುವ ಎಂಟು ದೇಶಗಳನ್ನು ಕೂಡಿಸಿದರೆ 55, ಬೇಕೆನ್ನುವ ಏಳನ್ನು ಕೂಡಿಸಿದರೆ 32. ಎಂಟು ದೇಶಗಳು ಬಹುಸಂಖ್ಯಾತರೇ, ಆದರೂ ಗೆಲ್ಲಲು ಏಳು ಮತ ಕಡಮೆ. ಏಳು ದೇಶಗಳಂತೂ ಗೆಲ್ಲಲಾರವು, ಆದರೆ ಎದುರಿನವರನ್ನು ತಡೆದು ನಿಲ್ಲಿಸಬಲ್ಲವು. ಈ ಲೆಕ್ಕ ತಿಳಿಯುವವರೆಗೆ ಕೂಗಾಡಿದರೂ ಪ್ರಯೋಜನವಿಲ್ಲ. ತಿಳಿದ ಮೇಲೆ ಮಕ್ಕಳಿಗೆ ಉಳಿಯುವ ದಾರಿ ಕುರ್ಚಿಯಿಂದ ಎದ್ದು, ಎದುರಿನವನ ಬಳಿಗೆ ಹೋಗಿ, ನಿನಗೆ ನಿಜವಾಗಿ ಬೇಕಾದದ್ದೇನು ಎಂದು ಕೇಳುವುದು.

ದೊಡ್ಡವರೂ ಮಾಡಿದ್ದು ಅದನ್ನೇ. 1997ರ ಅಕ್ಟೋಬರ್‌ನಲ್ಲಿ ಪಾರ್ಲಿಮೆಂಟು ಮೊದಲ ವಾಚನದಲ್ಲಿ ಮಸೂದೆಯನ್ನು ತಿದ್ದಿತು. 2000ದ ಮಾರ್ಚ್‌ನಲ್ಲಿ ಪರಿಷತ್ತಿನ ರಾಜಿಸೂತ್ರವನ್ನು ಒಪ್ಪಿತು. ಜೂನ್ 23ರಂದು ಕಾಯಿದೆಗೆ ಸಹಿಯಾಯಿತು. ಕೋಕೋ ಅಲ್ಲದ ಕೊಬ್ಬು ನೂರಕ್ಕೆ ಐದರವರೆಗೆ ಇರಬಹುದು. ಇದು ಏಳು ದೇಶಗಳ ಗೆಲುವು. ಆದರೆ ಯಾವ ಕೊಬ್ಬಾದರೂ ಸಲ್ಲದು, ಹೆಸರಿಸಿದ ಆರು ಮಾತ್ರ, ಮತ್ತು ಬೆರೆಸಿದ್ದನ್ನು ಹೊದಿಕೆಯ ಮೇಲೆ ಸ್ಪಷ್ಟವಾಗಿ ಬರೆಯಬೇಕು. ಇದು ಎಂಟು ದೇಶಗಳ ಗೆಲುವು. ಹಾಲು ಹೆಚ್ಚಿರುವ ಬ್ರಿಟಿಷ್ ಬಗೆಯ ಚಾಕೊಲೇಟಿಗೆ ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಹಾಲಿನ ಚಾಕೊಲೇಟು ಎಂಬ ಹೆಸರೇ ಇರಲಿ, ಬೇರೆಡೆ ‘ಮನೆಮಂದಿಯ ಹಾಲಿನ ಚಾಕೊಲೇಟು’ ಎಂಬರ್ಥದ ಹೆಸರಿರಲಿ ಎಂದಾಯಿತು. ಇಷ್ಟಾದರೂ ಕಥೆ ಮುಗಿಯಲಿಲ್ಲ. ಸ್ಪೇನ್ ಮತ್ತು ಇಟಲಿ ಇಂಥ ಸರಕನ್ನು ಚಾಕೊಲೇಟಿನ ಬದಲಿ ಪದಾರ್ಥವೆಂದೇ ಮಾರಬೇಕೆಂದು ಪಟ್ಟು ಹಿಡಿದಿದ್ದವು. 2003ರ ಜನವರಿ 16ರಂದು ಯೂರೋಪಿನ ನ್ಯಾಯಾಲಯ ಅದು ತಪ್ಪೆಂದು ತೀರ್ಪು ಕೊಟ್ಟಿತು.

ಕಾಯಿದೆಯಲ್ಲಿ ಹೆಸರಿಸಿದ ಆ ಆರು ಕೊಬ್ಬುಗಳು ಯಾವುವು? ಬೋರ್ನಿಯೋ ಕಡೆಯ ಇಲ್ಲಿಪೆ, ತಾಳೆ ಎಣ್ಣೆ, ಆಫ್ರಿಕಾದ ಶೀ ಮರದ ಬೀಜದ ಕೊಬ್ಬು, ಸಾಲವೃಕ್ಷದ ಬೀಜದ ಕೊಬ್ಬು, ಮಾವಿನ ಓಟೆಯೊಳಗಿನ ತಿರುಳಿನ ಕೊಬ್ಬು, ಮತ್ತು ಕೋಕಂ. ಮುಂಬಯಿಯ ನಮ್ಮವರಿಗೆ ಕೋಕಂ ಎಂದರೆ ಸಾಕು. ಉತ್ತರ ಕನ್ನಡದವರು ಅದನ್ನು ಮುರುಗಲು ಎನ್ನುತ್ತಾರೆ, ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುತ್ತಾರೆ. ಬೇಸಿಗೆಯಲ್ಲಿ ಪಾನಕಕ್ಕೆ, ಸಾರಿಗೆ ಅದರ ಸಿಪ್ಪೆ. ಅದರ ಬೀಜದಿಂದ ತೆಗೆದ ಮುರುಗಲು ತುಪ್ಪವನ್ನು ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚಿದ ನೆನಪು ಘಟ್ಟದ ಕಡೆಯ ಹಿರಿಯರಿಗೆ ಇದ್ದೇ ಇರುತ್ತದೆ. ನಮ್ಮ ಪಶ್ಚಿಮ ಘಟ್ಟದ ಆ ಕಾಡುಹಣ್ಣಿನ ಬೀಜ ಬ್ರಸೆಲ್ಸಿನ ಕಾಯಿದೆಯ ಅನುಬಂಧದಲ್ಲಿ ಕುಳಿತಿದೆ.

ಆದರೆ ಬೀಜವನ್ನು ಆರಿಸುವವರು ಅಲ್ಲಿ ಎಲ್ಲಿಯೂ ಕುಳಿತಿರಲಿಲ್ಲ. ಐವರಿ ಕೋಸ್ಟ್ ಮತ್ತಿತರ ಕೋಕೋ ಬೆಳೆಯುವ ದೇಶಗಳು, ಬೇರೆ ಕೊಬ್ಬಿಗೆ ಎಡೆಕೊಟ್ಟರೆ ತಮ್ಮ ಕೋಕೋ ಬೆಲೆ ಕುಸಿದೀತೆಂದು ಆಕ್ಷೇಪಿಸಿದವು. ಶೀ ಬೀಜ ಆರಿಸುವ ಪಶ್ಚಿಮ ಆಫ್ರಿಕಾದ ಹೆಂಗಸರಿಗೆ ಅದೇ ಕಾಯಿದೆಯಿಂದ ನಾಲ್ಕು ಕಾಸು ಹೆಚ್ಚು ಸಿಗುವ ಸಂಭವವಿತ್ತು. ಇವರಲ್ಲಿ ಯಾರಿಗೂ ಅಲ್ಲಿ ಮತವಿರಲಿಲ್ಲ. ಹದಿನೈದು ದೇಶಗಳ ಸಮತೋಲವನ್ನು ಅಷ್ಟು ನಾಜೂಕಾಗಿ ತೂಗಿದ ತಕ್ಕಡಿಯಲ್ಲಿ ಅವರ ಪಾಲಿನ ಕಲ್ಲೇ ಇರಲಿಲ್ಲ. ತರಗತಿಯ ಆಟದಲ್ಲಿ ಬಾಗಿಲ ಹೊರಗೆ ನಿಲ್ಲಿಸಿದ ಮೂವರು ಮಕ್ಕಳನ್ನು ಉಪಾಧ್ಯಾಯರು ಮರೆಯಬಾರದೆನ್ನುವುದು ಇದಕ್ಕಾಗಿ. ಆಟ ಮುಗಿದ ಮೇಲೆ ಮೊದಲು ಮಾತನಾಡಬೇಕಾದವರು ಅವರೇ. ಒಳಗಿದ್ದವರು ನಿಮ್ಮನ್ನು ಒಂದು ಸಲವಾದರೂ ಕರೆದು ಕೇಳಿದರೇ ಎಂದು ಅವರನ್ನು ವಿಚಾರಿಸಬೇಕು. ಆಟಕ್ಕೆ ಇನ್ನೂ ಒಂದು ಮಿತಿಯಿದೆ. ನಿಜದಲ್ಲಿ ಇಪ್ಪತ್ತೇಳು ವರ್ಷ ಹಿಡಿದ ಕೆಲಸ ತರಗತಿಯಲ್ಲಿ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಒಪ್ಪಂದ ಎಂಬುದು ಜಾಣರು ಕೂತರೆ ಆಗಿಬಿಡುವ ಸಂಗತಿ ಎಂದು ಮಕ್ಕಳು ತಿಳಿದುಬಿಡಬಾರದು. ಇಸವಿಗಳನ್ನು ಕಲಿಸುವ ಅಗತ್ಯ ಬರುವುದು ಇಲ್ಲಿಯೇ.

ನಮ್ಮ ದೇಶದಲ್ಲಿಯೂ ಇಂಥ ಆಟಕ್ಕೆ ಹಳೆಯ ಪರಂಪರೆಯಿದೆ. ಕೇಂದ್ರದ ಸಂಸದೀಯ ವ್ಯವಹಾರಗಳ ಮಂತ್ರಾಲಯ 1966-67ರಲ್ಲಿ ದೆಹಲಿಯ ಶಾಲೆಗಳಲ್ಲಿ ಯುವ ಸಂಸತ್ತಿನ ಸ್ಪರ್ಧೆಯನ್ನು ಆರಂಭಿಸಿತು. 1988ರಲ್ಲಿ ಕೇಂದ್ರೀಯ ವಿದ್ಯಾಲಯಗಳಿಗೂ ಅದು ಬಂತು. ವರ್ಗಾವಣೆಯ ಕೆಲಸದಲ್ಲಿ ಊರೂರು ತಿರುಗುವ ನಮ್ಮ ಎಷ್ಟೋ ಮನೆಗಳ ಮಕ್ಕಳು ಅದರಲ್ಲಿ ಮಂತ್ರಿಯೋ ವಿರೋಧ ಪಕ್ಷದ ನಾಯಕರೋ ಆಗಿ ಮಾತನಾಡಿದ್ದಾರೆ. ಅದಕ್ಕೂ ಯೂರೋಪಿನ ಆಟಕ್ಕೂ ಒಂದು ವ್ಯತ್ಯಾಸವುಂಟು. ನಮ್ಮದರಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ವಿರೋಧ ಪಕ್ಷ, ಪ್ರಶ್ನೆ ಮತ್ತು ಉತ್ತರ. ವಾಕ್ಚಾತುರ್ಯಕ್ಕೆ ಅಲ್ಲಿ ಹೆಚ್ಚು ಬೆಲೆ. ಯೂರೋಪಿನದರಲ್ಲಿ ಆಳುವ ಪಕ್ಷವೂ ಇಲ್ಲ, ವಿರೋಧ ಪಕ್ಷವೂ ಇಲ್ಲ. ಪ್ರತಿಯೊಂದು ಮಸೂದೆಗೂ ಹೊಸದಾಗಿ ಜೊತೆಗಾರರನ್ನು ಹುಡುಕಿಕೊಳ್ಳಬೇಕು. ಇಂದು ಎದುರಾಳಿಯಾದವನು ನಾಳೆಯ ಮಸೂದೆಗೆ ಬೇಕಾದವನು, ಆದ್ದರಿಂದ ಯಾರನ್ನೂ ಮುರಿದುಕೊಳ್ಳುವಂತಿಲ್ಲ. ಮಕ್ಕಳು ಎರಡನ್ನೂ ಕಲಿಯುವುದು ಒಳ್ಳೆಯದು.

ಇನ್ನೊಂದು ಮಾತು, ಪರಭಾಷೆಯ ನಗರಗಳಲ್ಲಿ ನೆಲೆಸಿದ ನಮಗೆ ಹತ್ತಿರವಾದದ್ದು. ಯೂರೋಪಿನ ಆರ್ಥಿಕ ಸಮುದಾಯ 1958ರಲ್ಲಿ ಮಾಡಿದ ಮೊಟ್ಟಮೊದಲ ನಿಯಮಾವಳಿ ಭಾಷೆಗೆ ಸಂಬಂಧಿಸಿದ್ದು. ಡಚ್, ಫ್ರೆಂಚ್, ಜರ್ಮನ್, ಇಟಾಲಿಯನ್ ನಾಲ್ಕೂ ಸಮಾನ ಎಂದು ಅದು ಸಾರಿತು. ಇಂದು ಆ ನಾಲ್ಕು ಇಪ್ಪತ್ತನಾಲ್ಕಾಗಿವೆ. ಐದು ಲಕ್ಷದಷ್ಟು ಜನರಿರುವ ಮಾಲ್ಟಾ ದ್ವೀಪದ ಭಾಷೆಯಲ್ಲಿಯೂ ಕಾಗದ ಬರೆದರೆ ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಅಲ್ಲಿನ ಪ್ರಜೆಗಿದೆ. ಕುರ್ಚಿ ಕೊಟ್ಟು ಮಾತನ್ನು ಕಿತ್ತುಕೊಂಡರೆ ಅದು ಲಕ್ಸೆಂಬರ್ಗಿನ ಹಳೆಯ ಒಂದು ಮತದಂತೆ ಎಂದು ಅವರು ಅರಿತಿದ್ದರೋ ಏನೋ.

ಬೇಸಿಗೆಯ ರಜದಲ್ಲಿ ಸಂಘಗಳಲ್ಲಿ ಮಕ್ಕಳಿಗೆ ಶಿಬಿರ ನಡೆಯುತ್ತದೆ, ಹಾಡು ಕುಣಿತ ನಾಟಕಗಳಿರುತ್ತವೆ. ಅದರಲ್ಲಿ ಒಂದು ಮಧ್ಯಾಹ್ನವನ್ನು ಈ ಚಾಕೊಲೇಟಿನ ಮಸೂದೆಗೆ ಮೀಸಲಿಡಬಹುದು. ಖರ್ಚು ಏನೂ ಇಲ್ಲ. ಮೂವತ್ತು ಚೀಟಿ, ಒಂದು ಗಂಟೆ, ಕುರ್ಚಿಗಳು ಸಭಾಂಗಣದಲ್ಲಿ ಇದ್ದೇ ಇವೆ. ವಾದವೆಲ್ಲ ಕನ್ನಡದಲ್ಲಿ ನಡೆಯಲಿ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿಯೋ ತಮಿಳೋ ಹಿಂದಿಯೋ ಆಡುವ ನಮ್ಮ ಮಕ್ಕಳಿಗೆ ಮನೆಯ ಕನ್ನಡ ಊಟ ತಿಂಡಿಯ ಮಾತಿಗೆ ಮಾತ್ರ ಎಂಬ ಭಾವನೆ ಬೆಳೆಯುತ್ತಿದೆ. ಮಸೂದೆ, ತಿದ್ದುಪಡಿ, ಆಕ್ಷೇಪ, ಒಪ್ಪಿಗೆ ಎಂಬ ಮಾತುಗಳನ್ನು ಅವರು ಒಂದು ಮಧ್ಯಾಹ್ನ ಬಾಯಿತುಂಬ ಆಡಲಿ, ಕನ್ನಡದಲ್ಲಿ ಜಗಳವಾಡಿ ಕನ್ನಡದಲ್ಲೇ ರಾಜಿಯಾಗಲಿ. ಕೊನೆಯಲ್ಲಿ ಎಲ್ಲರಿಗೂ ಒಂದೊಂದು ತುಂಡು ಚಾಕೊಲೇಟು ಹಂಚಿ, ಹೊದಿಕೆಯ ಮೇಲೆ ಏನು ಬರೆದಿದೆ ಎಂದು ಓದಿಸುವುದನ್ನು ಮಾತ್ರ ಮರೆಯದಿರೋಣ.